ಹಿಂದಿನ ಸೀಟಿಗೆ ಎಷ್ಟು ಸ್ಟಾರ್?

ಹತ್ತು ವರ್ಷದ ಹಿಂದೆ ಯಾರಾದರೂ ಹೊಸ ಕಾರು ತಗೊಂಡರೆ, ನೋಡೋಕೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಷ್ಟು ಕೊಡತ್ತೆ?" ಲೀಟರಿಗೆ ಇಪ್ಪತ್ತು ಅಂದರೆ ಸಾಕು, ಕಾರು ಒಳ್ಳೇದು ಅಂತ ತೀರ್ಮಾನ ಆಗಿಬಿಡುತ್ತಿತ್ತು. ಈಗ ಅದೇ ಜನ "ಎಷ್ಟು ಸ್ಟಾರ್?" ಅಂತ ಕೇಳುತ್ತಾರೆ. ಕಾರನ್ನು ಗುದ್ದಿಸಿ ನೋಡಿ ಅದರ ಸುರಕ್ಷತೆಗೆ ಕೊಡುವ ಸ್ಟಾರ್ ಅದು. ನನಗೆ ಇದು ನಿಜಕ್ಕೂ ಖುಷಿಯ ವಿಷಯ. ಪೆಟ್ರೋಲಿನ ಮಾತಿಗಿಂತ ಮನೆಮಂದಿಯ ಜೀವದ ಮಾತು ಮೊದಲು ಬರುತ್ತಿದೆಯಲ್ಲ. ಆದರೆ ನಮ್ಮ ಮನೆಯಲ್ಲಿ ಕಾರು ಬದಲಾಯಿಸುವ ಚರ್ಚೆ ಶುರುವಾದಾಗಿನಿಂದ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಬಂದು ಕೂತಿದೆ. ಆ ಸ್ಟಾರ್ ಸಿಕ್ಕಿದ್ದು ಕಾರಿನ ಯಾವ ಸೀಟಿಗೆ?

ಈ ಪ್ರಶ್ನೆ ಯಾಕೆ ಅಂದರೆ, ನಮ್ಮ ಕಾರಿನಲ್ಲಿ ಯಾರು ಎಲ್ಲಿ ಕೂರುತ್ತಾರೆ ಅನ್ನೋದು ಯಾವತ್ತೋ ನಿಗದಿಯಾಗಿದೆ. ನಮ್ಮವರು ಓಡಿಸುತ್ತಾರೆ. ಮಾವನಿಗೆ ಮಂಡಿ ನೋವು, ಕಾಲು ಚಾಚಬೇಕು, ಹಾಗಾಗಿ ಅವರು ಮುಂದೆ. ಹಿಂದೆ ಕಿಟಕಿ ಪಕ್ಕ ಅತ್ತೆ, ಇನ್ನೊಂದು ಕಿಟಕಿ ಪಕ್ಕ ಆರು ವರ್ಷದ ಮಗಳು, ನಡುವೆ ನಾನು. ನಮ್ಮ ಸುತ್ತಮುತ್ತಲಿನ ಹೆಚ್ಚಿನ ಮನೆಗಳಲ್ಲೂ ಇದೇ ವ್ಯವಸ್ಥೆ ಅಲ್ವಾ? ಗಂಡಸರು ಮುಂದೆ, ಹೆಂಗಸರು, ಮಕ್ಕಳು, ವಯಸ್ಸಾದವರು ಹಿಂದೆ. ಇದರ ಜೊತೆಗೆ ಹಿಂದಿನ ಸೀಟು ಮುಂದಿನದಕ್ಕಿಂತ ಸುರಕ್ಷಿತ ಅನ್ನೋ ನಂಬಿಕೆಯೂ ಇದೆ. ಈ ನಂಬಿಕೆಯನ್ನೇ ನಾನು ಇಷ್ಟು ದಿನ ಬಿಡಿಸಿ ನೋಡುತ್ತಿರುವುದು.

ಮಂಡಗದ್ದೆಯ ತಿರುವು

ನಮ್ಮದು 2014ರಲ್ಲಿ ತಗೊಂಡ ಸಣ್ಣ ಕಾರು. ಏರ್‌ಬ್ಯಾಗ್ ಇಲ್ಲ, ಗಟ್ಟಿ ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ನಿಂತು ಜಾರದ ಹಾಗೆ ನೋಡಿಕೊಳ್ಳುವ ಎಬಿಎಸ್ ಇಲ್ಲ. ಆಗಿನ ಕಾಲಕ್ಕೆ ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಇದ್ದೂರು ಶಿವಮೊಗ್ಗ, ನನ್ನ ತವರು ಹೆಬ್ರಿ. ಹಬ್ಬ, ಮದುವೆ, ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದ ದಿನ, ಎಲ್ಲಕ್ಕೂ ಅದೇ ದಾರಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ. ಆಮೇಲೆ ಘಾಟಿಯ ಹದಿನಾಲ್ಕು ತಿರುವು ಇಳಿದರೆ ಕೆಳಗೆ ಸೋಮೇಶ್ವರ. ದಾರಿ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಹೋಗಿ ಬಂದವರಿಗೆ ಗೊತ್ತು, ತಿರುವಿನ ಆಚೆ ಏನಿದೆ ಅಂತ ಹೇಳೋಕೆ ಆಗಲ್ಲ.

ಕಳೆದ ವರ್ಷ ಜುಲೈಯಲ್ಲಿ ಹೀಗೇ ಹೋಗುತ್ತಿದ್ದೆವು. ಮಂಡಗದ್ದೆ ದಾಟಿದ್ದೆವು ಅಷ್ಟೆ. ಜೋರು ಮಳೆ ಅಲ್ಲ, ಬಿಡದೆ ಹನಿಯುವ ಜಿಟಿಜಿಟಿ. ರಸ್ತೆಯ ಮೇಲೆ ಎಲೆ, ಕೆಸರು. ಎದುರಿನಿಂದ ಬಸ್ಸು ಬರುತ್ತಿತ್ತು. ಅದನ್ನು ಓವರ್‌ಟೇಕ್ ಮಾಡುತ್ತಾ ಒಂದು ಪಿಕಪ್ ಗಾಡಿ ನೇರ ನಮ್ಮ ಸಾಲಿಗೇ ಬಂತು. ನಮ್ಮವರು ನಿಧಾನವಾಗಿಯೇ ಓಡಿಸುವವರು. ಬ್ರೇಕ್ ಗಟ್ಟಿಯಾಗಿ ಒತ್ತಿದರು. ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೂ ಕಾರು ನೇರಕ್ಕೇ ಜಾರುತ್ತಾ ಹೋಯಿತು. ಪಿಕಪ್‌ನವನು ಹೇಗೋ ಬಸ್ಸಿನ ಹಿಂದೆ ನುಸುಳಿಕೊಂಡ. ನಾವು ರಸ್ತೆ ಅಂಚಿನ ಕೆಸರಿಗೆ ಎರಡು ಚಕ್ರ ಇಳಿಸಿ ನಿಂತೆವು. ಯಾವುದೂ ಯಾವುದಕ್ಕೂ ತಾಗಲಿಲ್ಲ.

ಕಾರಿನ ಒಳಗೆ ಮಾತ್ರ ತಾಗಿತ್ತು. ಅತ್ತೆಯ ಹಣೆ ಮುಂದಿನ ಸೀಟಿನ ಹೆಡ್‌ರೆಸ್ಟಿಗೆ ಬಡಿದಿತ್ತು. ಹುಬ್ಬಿನ ಮೇಲೆ ನೋಡನೋಡುತ್ತಲೇ ಗುಳ್ಳೆ ಎದ್ದಿತು. ಮಗಳು ಬೆಲ್ಟ್ ಹಾಕಿಕೊಂಡೇ ಇದ್ದಳು, ಆದರೆ ಅದು ಅವಳ ಭುಜದ ಮೇಲೆ ಇರದೆ ಕುತ್ತಿಗೆಗೆ ಒರಸಿ ಕೆಂಪು ಗೆರೆ ಎಳೆದಿತ್ತು. ನಡುವಿನ ಸೀಟಿಗೆ ಇರುವುದು ಬರೀ ಸೊಂಟದ ಪಟ್ಟಿ. ಅದು ನನ್ನ ಹೊಟ್ಟೆಗೆ ಒತ್ತಿತ್ತು, ಮೇಲಿನ ದೇಹ ಪೂರ್ತಿ ಮುಂದಕ್ಕೆ ಬಾಗಿತ್ತು. ಅತ್ತೆ ಸೆರಗಿನ ತುದಿಯಿಂದ ಹಣೆ ಒತ್ತಿಕೊಂಡು, "ಎಂಥದೂ ಆಗ್ಲಿಲ್ಲ ಮಾರಾಯ್ತಿ, ಮಗೂನ ನೋಡು" ಅಂದರು. ಮುಂದೆ ಕೂತಿದ್ದ ಇಬ್ಬರಿಗೂ ಏನೂ ಆಗಿರಲಿಲ್ಲ.

ಇದು ಅಪಘಾತವೇ ಅಲ್ಲ. ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಬರೀ ಜೋರಾಗಿ ಬ್ರೇಕ್ ಹಾಕಿದ್ದು. ಅಷ್ಟಕ್ಕೇ ಹಿಂದಿನ ಸೀಟಿನಲ್ಲಿ ಇಷ್ಟಾಯಿತು. ಮನೆಗೆ ಬಂದು ಸೀಟು ನೋಡಿದೆ. ಕಾರು ತಗೊಂಡ ವಾರವೇ ಆಕ್ಸೆಸರೀಸ್ ಅಂಗಡಿಯಲ್ಲಿ ಹಾಕಿಸಿದ ಸೀಟ್ ಕವರ್. ಅತ್ತೆಯ ಕಡೆಯ ಬೆಲ್ಟಿನ ಬಕಲ್ ಆ ಕವರಿನ ಅಡಿಯಲ್ಲಿ ಹೂತುಹೋಗಿತ್ತು. ಬೆರಳು ತೂರಿಸಿ ಎಳೆದರೂ ಹೊರಗೆ ಬರಲಿಲ್ಲ. ಅರವತ್ತೆಂಟು ವರ್ಷದ ಹೆಂಗಸು, ಸೀರೆ ಉಟ್ಟುಕೊಂಡು, ನಡುವೆ ಒಬ್ಬರು ಕೂತಿರುವಾಗ ಬಗ್ಗಿ ಅದನ್ನು ಹುಡುಕಿ ಸಿಕ್ಕಿಸಿಕೊಳ್ಳಬೇಕು ಅಂದರೆ ಹೇಗೆ ಸಾಧ್ಯ? ನಮ್ಮ ಊರಿನ ಎಷ್ಟು ಕಾರುಗಳ ಹಿಂದಿನ ಸೀಟಿನಲ್ಲಿ ಬಕಲ್ ಹೀಗೆ ಹೂತಿದೆಯೋ. ನೀವು ಓದುವುದು ನಿಲ್ಲಿಸಿ ಒಮ್ಮೆ ಹೋಗಿ ನಿಮ್ಮ ಕಾರಿನಲ್ಲಿ ನೋಡಿ ಬಂದರೂ ನನಗೆ ಬೇಜಾರಿಲ್ಲ.

ಪರೀಕ್ಷೆಯಲ್ಲಿ ಯಾರು ಕೂತಿದ್ದಾರೆ

ನಾವು ಕಾರು ತಗೊಂಡ ಅದೇ 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡಿದ ಫಲಿತಾಂಶ ಹೊರಗೆ ಬಿಟ್ಟಿತ್ತು. ದೊಡ್ಡವರ ಸುರಕ್ಷತೆಯಲ್ಲಿ ಐದಕ್ಕೆ ಐದೂ ಸೊನ್ನೆ ಸ್ಟಾರ್. ಆ ಸುದ್ದಿ ನಮ್ಮಂಥವರ ಮನೆ ತನಕ ಬಂದಿರಲಿಲ್ಲ, ಬಂದಿದ್ದರೂ ಆ ಬಜೆಟ್ಟಿನಲ್ಲಿ ಆಯ್ಕೆ ಏನಿತ್ತು? ಆಮೇಲೆ ಒಂದೊಂದೇ ಬಂತು. ಎಲ್ಲ ಹೊಸ ಕಾರಿಗೆ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಲ್ಲಿ. ಡ್ರೈವರ್ ಏರ್‌ಬ್ಯಾಗ್, ಮುಂದಿನ ಎರಡೂ ಸೀಟಿಗೆ ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ, 80 ಕಿ.ಮೀ. ವೇಗ ದಾಟಿದರೆ ಬೀಪ್, ಇವೆಲ್ಲ ಅದೇ ವರ್ಷದ ಜುಲೈಯಲ್ಲಿ. ಮುಂದಿನ ಇನ್ನೊಂದು ಸೀಟಿನ ಏರ್‌ಬ್ಯಾಗ್ ಎಲ್ಲ ಕಾರಿಗೂ ಬಂದದ್ದು 2022ರಲ್ಲಿ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾಪವನ್ನು ಮೊದಲು ಮುಂದೂಡಿದರು, 2023ರಲ್ಲಿ ಕಡ್ಡಾಯ ಮಾಡುವುದಿಲ್ಲ ಅಂತ ಸಚಿವ ನಿತಿನ್ ಗಡ್ಕರಿ ಹೇಳಿದರು. ಈ ಪಟ್ಟಿಯಲ್ಲಿ ಎಬಿಎಸ್ ಒಂದನ್ನು ಬಿಟ್ಟು ನೋಡಿ. ಕೂಗುವ ಅಲಾರಂ, ತೆರೆದುಕೊಳ್ಳುವ ಚೀಲ, ಎಲ್ಲ ಮುಂದಿನ ಸೀಟಿಗೇ.

ಈಗ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, 2023ರ ಅಕ್ಟೋಬರ್‌ನಿಂದ. ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಜಜ್ಜಿಹೋಗುವಂಥ ಅಲ್ಯುಮಿನಿಯಂ ತಡೆಗೆ ಗುದ್ದಿಸುತ್ತಾರೆ. ಪೂರ್ತಿ ಮೂತಿ ಅಲ್ಲ, ಶೇ. 40ರಷ್ಟು ಭಾಗ ಮಾತ್ರ, ಎದುರಿನ ಗಾಡಿಗೆ ಅರ್ಧಂಬರ್ಧ ತಾಗುವ ಹಾಗೆ. ಮಂಡಗದ್ದೆಯಲ್ಲಿ ಆ ಪಿಕಪ್ ನಮಗೆ ತಾಗಿದ್ದರೆ ಸುಮಾರು ಹೀಗೇ ತಾಗುತ್ತಿತ್ತು. ಇದಲ್ಲದೆ ಬದಿಯಿಂದ 50 ಕಿ.ಮೀ. ವೇಗದಲ್ಲಿ ಒಂದು ಗುದ್ದು. ಮೂರು ಸ್ಟಾರ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಕಂಬಕ್ಕೆ ಬದಿಯಿಂದ ಗುದ್ದುವ ಪರೀಕ್ಷೆಯೂ ಪಾಸಾಗಬೇಕು, ಕಾರಿನಲ್ಲಿ ಇಎಸ್‌ಸಿಯೂ ಇರಬೇಕು. ಕಾರು ಜಾರುವಾಗ ಒಂದೊಂದು ಚಕ್ರಕ್ಕೂ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಅದು. ದೊಡ್ಡವರ ಸುರಕ್ಷತೆಗೆ 32 ಅಂಕ, ಮಕ್ಕಳ ಸುರಕ್ಷತೆಗೆ 49 ಅಂಕ, ಎರಡಕ್ಕೂ ಬೇರೆ ಬೇರೆ ಸ್ಟಾರ್. ಐದು ಸ್ಟಾರ್ ಬೇಕಾದರೆ ದೊಡ್ಡವರ ವಿಭಾಗದಲ್ಲಿ 27, ಮಕ್ಕಳದರಲ್ಲಿ 41 ಅಂಕ ಬರಬೇಕು.

ನಾನು ಕೂತು ಓದಿದ್ದು ಈ ಅಂಕಗಳನ್ನು ಯಾರ ಮೇಲೆ ಅಳೆಯುತ್ತಾರೆ ಅನ್ನೋದನ್ನ. ಎದುರಿನಿಂದ ಗುದ್ದಿಸುವ ಪರೀಕ್ಷೆಯಲ್ಲಿ ಮುಂದಿನ ಎರಡು ಸೀಟಿನಲ್ಲಿ ದೊಡ್ಡವರ ಡಮ್ಮಿ, ಅಂದರೆ ಮನುಷ್ಯರ ಬದಲು ಕೂರಿಸುವ ಗೊಂಬೆಗಳು ಕೂತಿರುತ್ತವೆ, ಸಾಮಾನ್ಯ ಗಂಡಸಿನ ಗಾತ್ರದವು. ಹಿಂದೆ ಎರಡು ಮಕ್ಕಳ ಡಮ್ಮಿ. ಒಂದು ಒಂದೂವರೆ ವರ್ಷದ್ದು, ಇನ್ನೊಂದು ಮೂರು ವರ್ಷದ್ದು. ಎರಡೂ ಸರಿಯಾದ ಚೈಲ್ಡ್ ಸೀಟಿನಲ್ಲಿ ಭದ್ರವಾಗಿ ಕೂತಿರುತ್ತವೆ. ಅಷ್ಟೆ. ಹಿಂದಿನ ಸೀಟಿನಲ್ಲಿ ದೊಡ್ಡವರು ಯಾರೂ ಇಲ್ಲ. ಅಂದರೆ ನಮ್ಮ ಅತ್ತೆಯಂಥ, ಐದಡಿ ಇಲ್ಲದ, ಮೂಳೆ ಸವೆದ ಹೆಂಗಸಿಗೆ ಎದುರಿನಿಂದ ಗುದ್ದಿದಾಗ ಏನಾಗತ್ತೆ ಅನ್ನೋದಕ್ಕೆ ಆ ಐದು ಸ್ಟಾರ್ ಉತ್ತರ ಕೊಡುವುದಿಲ್ಲ. ನನಗೂ ಕೊಡುವುದಿಲ್ಲ. ಆರು ವರ್ಷದ, ಚೈಲ್ಡ್ ಸೀಟ್ ಮೀರಿ ಬೆಳೆದ ಮಗಳಿಗೂ ನೇರವಾಗಿ ಕೊಡುವುದಿಲ್ಲ.

ಇದನ್ನು ಓದಿದ ರಾತ್ರಿ ನಮ್ಮವರಿಗೆ ಹೇಳಿದೆ. "ಹಾಗಾದ್ರೆ ಸ್ಟಾರ್ ನೋಡೋದೇ ದಂಡ ಅಂತೀಯಾ?" ಅಂದರು. ಖಂಡಿತ ಅಲ್ಲ. ಸ್ಟಾರ್ ಚೆನ್ನಾಗಿ ಬಂದ ಕಾರಿನ ಚೌಕಟ್ಟು ಗಟ್ಟಿ ಇರತ್ತೆ, ಜನ ಕೂರುವ ಗೂಡು ಮುದುಡಿಕೊಳ್ಳುವುದಿಲ್ಲ. ಆ ಲಾಭ ಹಿಂದೆ ಕೂತವರಿಗೂ ಸಿಗತ್ತೆ. ಬದಿಯ ಗಾಜಿನ ಮೇಲಿನಿಂದ ಇಳಿಯುವ ಕರ್ಟನ್ ಏರ್‌ಬ್ಯಾಗ್ ಹಿಂದಿನ ಕಿಟಕಿ ತನಕ ಬರತ್ತೆ. ಆದರೆ ಹಿಂದಿನವರಿಗೆ ಎದುರಿನ ಗುದ್ದಿನಿಂದ ಕಾಪಾಡೋಕೆ ಏರ್‌ಬ್ಯಾಗ್ ಇಲ್ಲ. ಅವರಿಗೆ ಇರುವುದು ಒಂದೇ, ಬೆಲ್ಟ್. ಗುದ್ದಿದ ಕಾರು ಪೂರ್ತಿ ನಿಲ್ಲೋಕೆ ತಗೊಳ್ಳುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಕಾರು ನಿಂತರೂ ಒಳಗೆ ಬೆಲ್ಟ್ ಇಲ್ಲದೆ ಕೂತವರು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತಾರೆ. ಹೋಗಿ ಬಡಿಯುವುದು ಮುಂದೆ ಕೂತವರ ಬೆನ್ನಿಗೆ. ಹಿಂದಿನವರು ಬೆಲ್ಟ್ ಹಾಕದಿದ್ದರೆ ಮುಂದಿನವರ ಏರ್‌ಬ್ಯಾಗಿನ ಉಪಯೋಗವೂ ಅಷ್ಟರಮಟ್ಟಿಗೆ ಕಡಿಮೆ.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಇಡೀ ದೇಶ ಇದನ್ನು ಮಾತಾಡಿತು. ಕಾರು ಒಳ್ಳೆಯದೇ, ಅವರು ಕೂತಿದ್ದದ್ದು ಹಿಂದೆ, ಬೆಲ್ಟ್ ಹಾಕಿರಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ ಆ ವರ್ಷ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ ಚಾಲಕರು 8,384. ಉಳಿದ 8,331 ಜನ ಓಡಿಸುತ್ತಿದ್ದವರಲ್ಲ, ಜೊತೆಗೆ ಕೂತವರು. ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಈ ಅಂಕಿ ಓದಿದ ಮೇಲೆ ನನಗೆ ಕಾರು ಬದಲಾಯಿಸುವ ಚರ್ಚೆಯ ಮುಖವೇ ಬೇರೆಯಾಗಿ ಕಂಡಿತು.

ನೆಲಮಂಗಲದ ಮಾತು

ಚರ್ಚೆ ಅಂದರೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿಯೇ. ಭಾನುವಾರ ಮೈದುನ ಬಂದಿದ್ದ. ಅವನು ಹೊಸ ಕಾರಿಗೆ ವಿರೋಧ. "ಅತ್ತಿಗೆ, ನೆಲಮಂಗಲದಲ್ಲಿ ಆಗಿದ್ದು ನೋಡಿದ್ರಲ್ಲ. ಎಂಥ ಕಾರು ಅದು! ಅದರಲ್ಲಿ ಇದ್ದವರೇ ಉಳೀಲಿಲ್ಲ. ಸುಮ್ನೆ ಯಾಕೆ ದುಡ್ಡು ಹಾಕ್ತೀರಾ?" 2024ರ ಡಿಸೆಂಬರ್ 21ರಂದು ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಮಗುಚಿ ಒಂದೇ ಮನೆಯ ಆರು ಜನ ಹೋದರು. ಆ ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಿರಲಿಲ್ಲ. ಮಕ್ಕಳೂ ಇದ್ದರು ಅದರಲ್ಲಿ. ಮೈದುನನ ಮಾತಿನಲ್ಲಿ ಇದ್ದದ್ದು ವಾದ ಅಲ್ಲ, ನೋವು ಅಂತಲೇ ನನಗೆ ಅನಿಸಿತು.

ಆದರೂ ಅದಕ್ಕೆ ಉತ್ತರ ಹೇಳಲೇಬೇಕಿತ್ತು. ಅಷ್ಟು ಭಾರದ ಕಂಟೇನರ್ ಮೇಲಿನಿಂದ ಬಿದ್ದರೆ ತಡೆಯುವ ಕಾರನ್ನು ಯಾರೂ ಮಾಡಿಲ್ಲ. ಅದನ್ನು ತಡೆಯಬೇಕಾದದ್ದು ರಸ್ತೆ, ಲಾರಿ, ಲಾರಿಯ ಹೊರೆ ಕಟ್ಟುವ ರೀತಿ, ಅದನ್ನು ನೋಡಿಕೊಳ್ಳಬೇಕಾದ ವ್ಯವಸ್ಥೆ. ಹಾಗಂತ ದಿನಾ ಆಗುವ ಅಪಘಾತಗಳು ಆ ಥರದವಲ್ಲ. ತಿರುವಿನಲ್ಲಿ ಎದುರು ಬಂದದ್ದು, ಅಡ್ಡ ಬಂದ ದನ ತಪ್ಪಿಸೋಕೆ ಹೋಗಿ ಮರಕ್ಕೆ ಹೊಡೆದದ್ದು, ಮಳೆಯಲ್ಲಿ ಜಾರಿ ಚರಂಡಿಗೆ ಇಳಿದದ್ದು. ಇಂಥವುಗಳಲ್ಲಿ ಎಬಿಎಸ್, ಇಎಸ್‌ಸಿ, ಬೆಲ್ಟ್, ಗಟ್ಟಿ ಚೌಕಟ್ಟು ಜೀವ ಉಳಿಸುತ್ತವೆ. ಉಳಿದವರ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ. ಮೈದುನ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ನಿಜ" ಅಂದ.

ಅವನು ಎತ್ತಿದ ಇನ್ನೊಂದು ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಹೊಸ ಕಾರು ಬಂದರೆ ಅಣ್ಣ ಜೋರಾಗಿ ಓಡಿಸುತ್ತಾನೆ ಅಂದ. ಅದು ಸುಳ್ಳಲ್ಲ. ನಮ್ಮ ಹಳೇ ಕಾರು 70 ದಾಟಿದರೆ ನಡುಗುತ್ತದೆ, ಅದೇ ಒಂದು ಕಡಿವಾಣ. ಹೊಸ ಕಾರು 100ರಲ್ಲಿ ಹೋದರೂ ಒಳಗೆ ಗೊತ್ತಾಗಲ್ಲ. ವೇಗ 60ರಿಂದ 80 ಆದರೆ ಗುದ್ದಿನ ಶಕ್ತಿ ಮುಕ್ಕಾಲು ಪಾಲು ಜಾಸ್ತಿ ಆಗತ್ತೆ, ಯಾಕಂದರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಏರುವುದು. ಪರೀಕ್ಷೆ ಮಾಡಿದ್ದು 64ರಲ್ಲಿ. 100ರಲ್ಲಿ ಗುದ್ದಿದರೆ ಯಾವ ಸ್ಟಾರೂ ಲೆಕ್ಕಕ್ಕಿಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ತೆರೆದಾಗ ಏನಾಯಿತು ನೋಡಿದೆವಲ್ಲ. ರಸ್ತೆ ನುಣುಪಾಯಿತು, ಕಾರು ಹಾರಿತು, ಸಾವಿನ ಸುದ್ದಿ ಮೇಲಿಂದ ಮೇಲೆ ಬಂತು. ಆಮೇಲೆ ಆಗಸ್ಟ್‌ನಿಂದ ಬೈಕು, ಆಟೋಗಳನ್ನು ಮುಖ್ಯ ರಸ್ತೆಯಿಂದ ದೂರ ಇಟ್ಟರು, ವೇಗ ಹಿಡಿಯುವ ಕ್ಯಾಮೆರಾ ಹಾಕಿದರು. ನಮ್ಮವರ ಹತ್ತಿರ ನಾನು ಒಂದು ಮಾತು ತಗೊಂಡೆ. ಯಾವ ಕಾರಾದರೂ ತೀರ್ಥಹಳ್ಳಿ ರಸ್ತೆಯಲ್ಲಿ ವೇಗ ಈಗಿನದೇ ಇರಬೇಕು. ಅವರು ಒಪ್ಪಿದರು. ಅತ್ತೆ ಸಾಕ್ಷಿ.

ಶೋರೂಮಿನಲ್ಲಿ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅದುವರೆಗೆ ಕೈಗೆ ಎಟುಕದಿದ್ದ ಮಾಡೆಲ್ ಸ್ವಲ್ಪ ಹತ್ತಿರ ಬಂತು. ಹತ್ತು ಲಕ್ಷದ ಗೆರೆ ದಾಟಬಾರದು ಅಂತ ಮೊದಲೇ ತೀರ್ಮಾನಿಸಿದ್ದೆವು. ದಾಟಿದರೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ಶೇ. 14ರಿಂದ 17ಕ್ಕೆ ಹಾರುತ್ತದೆ. ಹೀಗೆ ಲೆಕ್ಕ ಹಾಕಿಕೊಂಡು ಐದೂ ಜನ ಶೋರೂಮಿಗೆ ಹೋದೆವು. ಬೇಕಂತಲೇ ಎಲ್ಲರನ್ನೂ ಕರಕೊಂಡು ಹೋದದ್ದು.

ಸೇಲ್ಸ್ ಹುಡುಗ ಒಳ್ಳೆಯವನು. ಮೊದಲು ಸನ್‌ರೂಫ್ ತೆರೆದು ತೋರಿಸಿದ. ಮಗಳು ಅದರೊಳಗೆ ತಲೆ ತೂರಿಸಿ ನಿಲ್ಲೋಕೆ ಹೊರಟಳು, ಕೆಳಗೆ ಕೂರಿಸಿದೆ. ಹೆದ್ದಾರಿಯಲ್ಲಿ ಮಕ್ಕಳನ್ನು ಹಾಗೆ ನಿಲ್ಲಿಸಿಕೊಂಡು ಹೋಗುವ ಕಾರು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆಮೇಲೆ ದೊಡ್ಡ ಸ್ಕ್ರೀನು, ಆಮೇಲೆ ವೈರ್‌ಲೆಸ್ ಚಾರ್ಜಿಂಗು. "ಹಿಂದಿನ ಸೀಟು ನೋಡಬಹುದಾ?" ಅಂದೆ. ಅತ್ತೆಯನ್ನು ಅವರ ಜಾಗದಲ್ಲಿ ಕೂರಿಸಿದೆ. ಬೆಲ್ಟ್ ಎಳೆದು ಅವರೇ ಹಾಕಿಕೊಳ್ಳಲಿ ಅಂತ ಬಿಟ್ಟೆ. ಬಕಲ್ ಸೀಟಿನ ಮೇಲೆ ಎದ್ದು ನಿಂತಿತ್ತು, ಒಂದೇ ಕೈಯಲ್ಲಿ ಸಿಕ್ಕಿತು. ಟಕ್ ಅಂತ ಬಿತ್ತು. ಪಟ್ಟಿ ಭುಜದ ನಡುವೆ ಬಂತಾ ಅಂತ ನೋಡಿದೆ, ಸ್ವಲ್ಪ ಕುತ್ತಿಗೆಯ ಕಡೆಗೇ ಇತ್ತು. ಮುಂದಿನ ಸೀಟಿನಲ್ಲಿ ಬೆಲ್ಟಿನ ಎತ್ತರ ಹೊಂದಿಸುವ ಗುಂಡಿ ಇದೆ, ಹಿಂದೆ ಇಲ್ಲ. "ಉಸಿರು ಕಟ್ಟಿದ ಹಾಗೆ ಆಗತ್ತೆ" ಅಂದರು ಅತ್ತೆ. ಸೆರಗು ಅಡಿಯಲ್ಲಿ ಮಡಿಕೆ ಬಿದ್ದಿತ್ತು, ಸರಿ ಮಾಡಿದೆ. ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಿಂದ ಇಳಿಸಿ ತೊಡೆಯ ಬುಡಕ್ಕೆ ತಂದೆ. "ಹಾಂ, ಈಗ ಅಡ್ಡಿಲ್ಲ" ಅಂದರು. ಹತ್ತು ನಿಮಿಷ ಹಾಗೇ ಕೂರಿಸಿದೆ. ಹುಡುಗ ಪಾಪ, ಕಾದ.

ಅವನ ಹತ್ತಿರ ಮೂರು ವಿಷಯ ಕೇಳಿದೆ. ನಡುವಿನ ಸೀಟಿಗೆ ಭುಜದ ಪಟ್ಟಿಯೂ ಇರುವ ಬೆಲ್ಟ್ ಇದೆಯಾ? ಹಿಂದಿನವರು ಬೆಲ್ಟ್ ಹಾಕದಿದ್ದರೆ ಅಲಾರಂ ಕೂಗತ್ತಾ? ಹಿಂದಿನ ಬೆಲ್ಟಿಗೆ ಪ್ರಿಟೆನ್ಷನರ್, ಲೋಡ್ ಲಿಮಿಟರ್ ಇದೆಯಾ? ಗುದ್ದಿದ ಕ್ಷಣ ಬೆಲ್ಟನ್ನು ಬಿಗಿಯಾಗಿ ಎಳೆಯುವುದು ಮೊದಲನೆಯದು. ಎದೆಗೆ ಬೀಳುವ ಒತ್ತಡ ಮಿತಿ ಮೀರಿದಾಗ ಸ್ವಲ್ಪ ಸಡಿಲ ಬಿಡುವುದು ಎರಡನೆಯದು. ವಯಸ್ಸಾದವರ ಪಕ್ಕೆಲುಬಿಗೆ ಈ ಎರಡನೆಯದು ಬಹಳ ಮುಖ್ಯ. ಮೊದಲೆರಡಕ್ಕೆ ಹೌದು ಅಂದ, ಹಾಕಿ ತೋರಿಸಿದ. ಮೂರನೆಯದನ್ನು ಯಾರೂ ಕೇಳಿಲ್ಲ ಮೇಡಂ ಅಂತ ಒಳಗೆ ಹೋಗಿ ವಿಚಾರಿಸಿ ಬಂದ. ಮುಂದೆ ಇದೆ, ಹಿಂದೆ ಇಲ್ಲ. ಇದು ಅವನ ತಪ್ಪಲ್ಲ. ಕೇಳುವವರು ಇಲ್ಲದಿದ್ದರೆ ಕೊಡುವವರು ಯಾಕೆ ಕೊಡುತ್ತಾರೆ? ಸನ್‌ರೂಫ್ ಕೇಳಿದೆವು, ಸಣ್ಣ ಕಾರಿಗೂ ಬಂತು. ಹಿಂದಿನ ಬೆಲ್ಟಿನ ಬಗ್ಗೆಯೂ ಶೋರೂಮಿಗೆ ಹೋಗುವ ಪ್ರತಿಯೊಬ್ಬರೂ ಕೇಳಬೇಕು ಅಂತ ನನ್ನ ಆಸೆ.

ಮಾವನದು ಬೇರೆ ಚಿಂತೆ. ಡ್ಯಾಶ್‌ಬೋರ್ಡಿನ ಮೇಲೆ ಅವರ ಕಡೆಗೆ ಗಣಪತಿ ಕೂರಬೇಕು. ಹಳೇ ಕಾರಿನಲ್ಲಿ ಅಷ್ಟು ವರ್ಷ ಅಲ್ಲೇ ಇದ್ದಾನೆ. ಹುಡುಗ ಆ ಜಾಗದಲ್ಲಿ ಅಚ್ಚೊತ್ತಿದ್ದ ಏರ್‌ಬ್ಯಾಗ್ ಗುರುತು ತೋರಿಸಿದ. ಅದರ ಮೇಲೆ ಏನು ಅಂಟಿಸಿದರೂ ಚೀಲ ತೆರೆದಾಗ ಅದು ಹಾರಿ ಮುಖಕ್ಕೇ ಬರತ್ತೆ ಅಂದ. ಮಾವ ಯೋಚನೆ ಮಾಡಿ, "ಹಾಗಾದ್ರೆ ಗಿಯರ್ ಹತ್ರ ಸಣ್ಣ ಫೋಟೋ ಇಡೋಣ" ಅಂದರು. ಸೀಟ್ ಕವರ್ ಬೇಡ ಅಂತಲೂ ಅಲ್ಲೇ ತೀರ್ಮಾನ ಆಯಿತು. ಸೀಟಿನ ಬದಿಯಿಂದ ತೆರೆಯುವ ಏರ್‌ಬ್ಯಾಗ್‌ಗೆ ದಪ್ಪ ಕವರ್ ಅಡ್ಡ ಬರತ್ತೆ.

ಕೊನೆಗೆ ಬುಕ್ ಮಾಡಿದ್ದು ಸನ್‌ರೂಫ್ ಇಲ್ಲದ ಮಾಡೆಲ್. ಆರು ಏರ್‌ಬ್ಯಾಗ್, ಇಎಸ್‌ಸಿ, ಹಿಂದೆ ಮೂರು ಜನಕ್ಕೂ ಪೂರ್ತಿ ಬೆಲ್ಟ್, ಮೂರಕ್ಕೂ ಅಲಾರಂ. ಪ್ರಿಟೆನ್ಷನರ್ ಇರುವ ಕಾರು ನಮ್ಮ ಬಜೆಟ್ಟಿನಲ್ಲಿ ಸಿಗಲಿಲ್ಲ. ಅದು ಮನಸ್ಸಿನಲ್ಲಿ ಹಾಗೇ ಇದೆ. ಉಳಿದ ದುಡ್ಡಿನಲ್ಲಿ ಮಗಳಿಗೆ ಬೂಸ್ಟರ್ ಸೀಟ್ ತಗೊಂಡೆವು. ಬೆಲ್ಟ್ ಕುತ್ತಿಗೆಗೆ ಬರದೆ ಭುಜಕ್ಕೆ ಬರುವ ಹಾಗೆ ಮಗುವನ್ನು ಎತ್ತರಿಸುವ ಸೀಟು ಅದು. ಯುರೋಪಿನಲ್ಲಿ ಮಗು 150 ಸೆಂ.ಮೀ. ಎತ್ತರ ಆಗುವವರೆಗೆ ಇಂಥ ಸೀಟು ಬೇಕು, ಕೆಲವು ದೇಶಗಳಲ್ಲಿ 135. ಹಳೇ ಕಾರಿನಲ್ಲೂ ಕಿಟಕಿ ಪಕ್ಕದ ಸೀಟಿಗೆ ಇದು ಸರಿಯಾಗಿ ಕೂರತ್ತೆ. ಇದಕ್ಕೆ ಹೊಸ ಕಾರು ಬರಲಿ ಅಂತ ಕಾಯಬೇಕಾಗಿಲ್ಲ.

ಹಳೇ ಕಾರು ಯಾರಿಗೆ

ಬುಕ್ ಮಾಡಿ ಬಂದ ಮೇಲೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಎಕ್ಸ್‌ಚೇಂಜಿಗೆ ಹಳೇ ಕಾರು ಕೊಟ್ಟರೆ ಇಷ್ಟು ಕಳೆಯುತ್ತೇವೆ ಅಂತ ಶೋರೂಮಿನವರು ಹೇಳಿದ್ದರು. ಆಮೇಲೆ ಆ ಕಾರು ಎಲ್ಲಿ ಹೋಗತ್ತೆ? ಇನ್ನೊಂದು ಮನೆಗೆ. ನಮಗೆ ಭಯ ಅನಿಸಿದ ಅದೇ ನಡುವಿನ ಸೀಟಿನಲ್ಲಿ ಇನ್ಯಾರೋ ಹೆಂಗಸು ಕೂರುತ್ತಾಳೆ. ನಾವು ಅಪಾಯವನ್ನು ತೆಗೆದುಹಾಕುತ್ತಿಲ್ಲ, ಬೇರೆಯವರ ಕೈಗೆ ದಾಟಿಸುತ್ತಿದ್ದೇವೆ. ಗುಜರಿಗೆ ಹಾಕಬಹುದು. ಸರ್ಕಾರಿ ಮಾನ್ಯತೆಯ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಪ್ರಮಾಣಪತ್ರ ಸಿಗತ್ತೆ. ಆದರೆ ಚೆನ್ನಾಗಿ ಓಡುವ ಕಾರನ್ನು ಮುರಿಯೋಕೆ ಮನಸ್ಸೂ ಬರಲ್ಲ, ಅಷ್ಟು ದುಡ್ಡು ಬಿಡುವ ಶಕ್ತಿಯೂ ನಮಗಿಲ್ಲ. ಇದನ್ನು ಯಾರಿಗೆ ಹೇಳಿದರೂ "ಅದೆಲ್ಲ ಯಾಕೆ ತಲೆಗೆ ಹಚ್ಕೊಳ್ತೀಯಾ" ಅಂದರು. ನನಗೆ ಅದು ಬಿಡುವ ವಿಷಯ ಅನಿಸಲಿಲ್ಲ.

ದಾರಿ ಕಂಡದ್ದು ಗ್ಯಾರೇಜಿನಲ್ಲಿ. ನಮ್ಮ ಕಾರನ್ನು ಮೊದಲಿನಿಂದ ನೋಡಿಕೊಂಡು ಬಂದ ಹುಡುಗ ಕೇಳಿದ, "ಅಕ್ಕ, ಕಾರು ಕೊಡ್ತೀರಂತೆ? ನಂಗೇ ಕೊಡಿ." ಅವನ ಊರು ಆಯನೂರಿನ ಕಡೆ. ಹೆಂಡತಿ, ಇಬ್ಬರು ಮಕ್ಕಳು. ಹಬ್ಬಕ್ಕೆ ಪೇಟೆಗೆ ಬಂದರೂ, ಮಕ್ಕಳಿಗೆ ಜ್ವರ ಅಂತ ಬಂದರೂ ನಾಲ್ಕೂ ಜನ ಒಂದೇ ಸ್ಕೂಟರಿನಲ್ಲಿ. ಚಿಕ್ಕವನು ಮುಂದೆ ನಿಂತಿರುತ್ತಾನೆ, ದೊಡ್ಡವಳು ಅಪ್ಪ ಅಮ್ಮನ ನಡುವೆ. ಲಾರಿಗಳು ಓಡುವ ಅದೇ ರಸ್ತೆಯಲ್ಲಿ. ನಾನು ಅವನಿಗೆ ಎಲ್ಲ ಬಿಡಿಸಿ ಹೇಳಿದೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಮಳೆಯಲ್ಲಿ ಗಟ್ಟಿ ಬ್ರೇಕ್ ಹಾಕಿದರೆ ಜಾರತ್ತೆ. ಅವನು ನಕ್ಕ. "ನಾನೇ ಅಲ್ವಾ ಅಕ್ಕ ಅದರ ಬ್ರೇಕ್ ಪ್ಯಾಡ್ ಹಾಕಿದ್ದು. ನಂಗೊತ್ತು. ಸ್ಕೂಟರಿಗೆ ಏನಿದೆ ಹೇಳಿ?"

ಆ ಮಾತಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 44.5 ಜನ ಬೈಕು, ಸ್ಕೂಟರಿನವರು. ನಮಗೆ ಸಾಲದು ಅನಿಸಿದ ಕಾರು ಅವನ ಮನೆಯವರಿಗೆ ತಗಡಿನ ಗೋಡೆ, ನಾಲ್ಕು ಬೆಲ್ಟ್, ತಲೆಯ ಮೇಲೊಂದು ಸೂರು. ನಮ್ಮ ಮನೆಯ ಐದು ಜನ ಒಂದು ಮೆಟ್ಟಿಲು ಹತ್ತಿದರೆ ಅವರ ಮನೆಯ ನಾಲ್ಕು ಜನ ಅದಕ್ಕಿಂತ ದೊಡ್ಡ ಮೆಟ್ಟಿಲು ಹತ್ತುತ್ತಾರೆ. ಎಕ್ಸ್‌ಚೇಂಜಿಗೆ ಹೇಳಿದ್ದಕ್ಕಿಂತ ಕಡಿಮೆ ದುಡ್ಡಿಗೆ ಕೊಡಲು ನಮ್ಮವರು ಒಪ್ಪಿದರು. ಟೈರುಗಳನ್ನು ನಾನೇ ನೋಡಿದೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯಲ್ಲಿ ಕೊನೆಯ ಎರಡು ತಯಾರಾದ ವರ್ಷ ಹೇಳುತ್ತವೆ, 18 ಅಂತಿತ್ತು. ಮುಂದಿನ ಎರಡಕ್ಕೂ ಹೊಸದು ಹಾಕಿಸಿದೆವು, ಹಿಂದಿನವನ್ನು ಅವನೇ ಹಾಕಿಸಿಕೊಳ್ಳುತ್ತೇನೆ ಅಂದ. ಸೀಟ್ ಕವರ್ ಪೂರ್ತಿ ಕಿತ್ತು ತೆಗೆದೆವು. ಹೂತಿದ್ದ ಬಕಲ್ ಮೇಲೆ ಬಂತು. ಹೊಸ ಕವರ್ ಹಾಕಿಸುವುದಾದರೆ ಬಕಲ್‌ಗೆ ಜಾಗ ಬಿಟ್ಟು ಹೊಲಿಸಬೇಕು ಅಂತ ಮಾತು ತಗೊಂಡೆ.

ಕಾರನ್ನು ಅವನ ಹೆಸರಿಗೆ ಮಾಡುವ ಫಾರ್ಮ್ 29, 30ಕ್ಕೆ ಸಹಿ ಹಾಕುವ ದಿನ ಹೆಂಡತಿ, ಮಕ್ಕಳನ್ನೂ ಕರಕೊಂಡು ಬಂದಿದ್ದ. ಅವಳು ಯಾರೂ ಹೇಳದೆಯೇ ಹಿಂದಿನ ಬಾಗಿಲು ತೆರೆದು ಚಿಕ್ಕವನನ್ನು ಕಿಟಕಿ ಪಕ್ಕ ಕೂರಿಸಿ ಬೆಲ್ಟ್ ಹಾಕಿ ನೋಡಿದಳು. "ಅಕ್ಕ, ಇದು ಇವನ ಕುತ್ತಿಗೆಗೇ ಬರತ್ತಲ್ಲ, ಏನು ಮಾಡೋದು?" ಅಂದಳು. ಒಳಗಿನಿಂದ ಮಗಳ ಬೂಸ್ಟರ್ ತಂದು ಅವನನ್ನು ಅದರ ಮೇಲೆ ಕೂರಿಸಿ ತೋರಿಸಿದೆ. ಇವನಿಗೆ ಇನ್ನೂ ಮೂರು ವರ್ಷ, ಬೆನ್ನು, ಭುಜ ಎಲ್ಲ ಹಿಡಿಯುವ ಚೈಲ್ಡ್ ಸೀಟೇ ಬೇಕು, ಬೂಸ್ಟರ್ ದೊಡ್ಡವಳಿಗೆ ಸರಿ ಅಂದೆ. ಎರಡರ ಬೆಲೆಯನ್ನೂ ಕೇಳಿಕೊಂಡಳು. ಗಂಡನ ಕಡೆ ತಿರುಗಿ, "ಮ್ಯೂಸಿಕ್ ಸಿಸ್ಟಮ್ ಆಮೇಲೆ ಹಾಕ್ಸೋಣ, ಮೊದ್ಲು ಇದು" ಅಂದಳು. ಅವನು ಆಯ್ತು ಅಂತ ತಲೆಯಾಡಿಸಿ ಸಹಿ ಹಾಕೋಕೆ ಪೆನ್ನು ಕೇಳಿದ.